ಒಬ್ಬರ ನೋವಿನ ಮಾತ್ರೆ ಇನ್ನೊಬ್ಬರಿಗಲ್ಲ



ಅಂಬಾಜಿದುರ್ಗ, ಕೈವಾರ ಕಡೆಯ ಹಳ್ಳಿಗಳಲ್ಲಿ ಕ್ಯಾನ್ಸರ್ ಆದವರನ್ನು ಮನೆಯಲ್ಲಿ ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರೇ. ದೊಡ್ಡಾಸ್ಪತ್ರೆಯಲ್ಲಿ ಮಾರ್ಫಿನ್ ಮಾತ್ರೆ ಕೊಟ್ಟು ಕಳಿಸಿದ ಮೇಲೆ ಎರಡು ಮಾತು ಹುಟ್ಟುತ್ತವೆ. "ಪಕ್ಕದೂರಿನವರಿಗೆ ಇದೇ ಮಾತ್ರೆಗೆ ನೋವು ನಿಂತಿತಂತೆ, ನಮ್ಮವರಿಗೆ ಯಾಕೆ ನಿಲ್ಲಲ್ಲ?" ಎಂಬುದು ಒಂದು. "ಇದು ಅಫೀಮಂತೆ, ಕೊಡೋದು ಬೇಡ" ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ನಮಗೆ ತಿಳಿದಿದ್ದರೆ ರೋಗಿ ಸುಮ್ಮನೆ ನರಳುವುದು ತಪ್ಪುತ್ತದೆ.

ಇದು ಎಂಥ ಔಷಧಿ?

ಗಸಗಸೆ ಗಿಡದ ಹಸಿ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಮಾರ್ಫಿನ್, ಕೊಡೀನ್ ಅದರಿಂದ ಬಂದವು. ಟ್ರಮಡಾಲ್ ಕಾರ್ಖಾನೆಯಲ್ಲಿ ತಯಾರಾದರೂ ಅದೇ ಜಾತಿಯದು. ಇವು ಮಿದುಳು ಮತ್ತು ಬೆನ್ನುಹುರಿಯಲ್ಲಿ ನೋವಿನ ಸುದ್ದಿಯನ್ನು ತಗ್ಗಿಸುತ್ತವೆ. ಮಂಡಿನೋವಿಗೆ ನಾವು ತರುವ ಡೈಕ್ಲೋಫೆನಾಕ್ ಬೇರೆ ಜಾತಿ.

ಎಲ್ಲರಿಗೂ ಒಂದೇ ಥರ ಯಾಕೆ ಕೆಲಸ ಮಾಡುವುದಿಲ್ಲ?

ಐದು ಬೆರಳು ಒಂದೇ ಸಮ ಇಲ್ಲ, ದೇಹವೂ ಹಾಗೆಯೇ.

1. ಹುಟ್ಟುಗುಣ: ಕೊಡೀನ್ ನಮ್ಮ ಲಿವರ್‌ನಲ್ಲಿ ಮಾರ್ಫಿನ್ ಆಗಿ ಬದಲಾದ ಮೇಲೇ ನೋವು ಇಳಿಸುತ್ತದೆ. ಹಾಗೆ ಬದಲಾಯಿಸುವ ಶಕ್ತಿ ತಂದೆತಾಯಿಯಿಂದ ಬರುತ್ತದೆ. ಕೆಲವರಲ್ಲಿ ಅದು ಬಹಳ ಕಡಿಮೆ, ಮಾತ್ರೆ ನುಂಗಿದರೂ ನೋವು ಹೋಗದು. ಕೆಲವರಲ್ಲಿ ಅತಿ ವೇಗ, ಸ್ವಲ್ಪಕ್ಕೇ ಮಂಪರು ಬರುತ್ತದೆ. ಅಂಥ ತಾಯಿಯ ಎದೆಹಾಲಿನಿಂದ ಮಗುವಿನ ಉಸಿರಿಗೂ ಅಪಾಯ. ಅದಕ್ಕೇ 2017ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಇಲಾಖೆ 12 ವರ್ಷದೊಳಗಿನ ಮಕ್ಕಳಿಗೆ ಕೊಡೀನ್ ಕೊಡಬಾರದು, ಹಾಲೂಡಿಸುವ ತಾಯಂದಿರಿಗೆ ಅದು ಬೇಡ ಎಂದು ಎಚ್ಚರಿಸಿತು. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಕೊಡೀನ್ ಇರುತ್ತದೆ.

2. ಕಿಡ್ನಿ: ಮಾರ್ಫಿನ್‌ನ ಉಳಿಕೆ ಮೂತ್ರದಲ್ಲಿ ಹೊರಹೋಗಬೇಕು. ಕಿಡ್ನಿ ದುರ್ಬಲವಾಗಿದ್ದರೆ ಅದು ಮೈಯಲ್ಲೇ ನಿಂತು ಮಂಪರು ಹೆಚ್ಚಿಸುತ್ತದೆ. ವಯಸ್ಸಾದವರಿಗೂ ಕಡಿಮೆ ಪ್ರಮಾಣದಿಂದಲೇ ಶುರು ಮಾಡುತ್ತಾರೆ.

3. ರೂಢಿ: ತಿಂಗಳುಗಟ್ಟಲೆ ತೆಗೆದುಕೊಂಡವರಿಗೆ ಹೆಚ್ಚು ಬೇಕಾಗಬಹುದು. ಅವರಿಗೆ ಸರಿಯಾದ ಪ್ರಮಾಣ ಹೊಸಬರ ಜೀವಕ್ಕೇ ಮುಳುವಾದೀತು.

4. ನೋವಿನ ಬಗೆ: ಉರಿ, ಕರೆಂಟು ಹೊಡೆದ ಹಾಗಿರುವ ನರದ ನೋವಿಗೆ ಮಾರ್ಫಿನ್ ಒಂದೇ ಸಾಲದು, ಜೊತೆಗೆ ಬೇರೆ ಮಾತ್ರೆ ಬೇಕಾಗುತ್ತದೆ.

5. ಕುಡಿತ, ನಿದ್ದೆ ಮಾತ್ರೆ: ಇವು ಜೊತೆ ಸೇರಿದರೆ ಉಸಿರಾಟ ನಿಧಾನವಾಗುತ್ತದೆ. ಮನೆಯವರು ನಾಚಿಕೆ ಪಡದೆ ಡಾಕ್ಟರಿಗೆ ಹೇಳಿಬಿಡಬೇಕು.

ಹೆದರಿಕೆ ಬೇಡ, ಎಚ್ಚರ ಬೇಕು

ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದಂತೆ ಕೊಟ್ಟರೆ ಚಟ ಹತ್ತುವುದು ಅಪರೂಪ. ಮೈ ಒಗ್ಗಿಕೊಳ್ಳುವುದು ಬೇರೆ, ಚಟ ಬೇರೆ. ಆದರೆ ಒಮ್ಮೆಲೇ ನಿಲ್ಲಿಸಬಾರದು. ಸಾಧಾರಣ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು 4 ಗಂಟೆ. ಆದ್ದರಿಂದ ನೋವು ಏರುವ ತನಕ ಕಾಯದೆ ಹೇಳಿದ ಹೊತ್ತಿಗೆ ಕೊಡಿ. ವಾಂತಿ ಕೆಲವು ದಿನಗಳಲ್ಲಿ ತಗ್ಗುತ್ತದೆ. ಮಲಬದ್ಧತೆ ತಗ್ಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಕೇಳಿ ಪಡೆಯಿರಿ. ನಿಧಾನವಾಗಿ ಕರಗುವ ಮಾತ್ರೆಯನ್ನು ಪುಡಿ ಮಾಡಬೇಡಿ.

ಸಂಘದ ಉಳಿತಾಯ ಬರೆದ ಹಾಗೆ ಒಂದು ಪುಸ್ತಕದಲ್ಲಿ ಮಾತ್ರೆ ಕೊಟ್ಟ ಹೊತ್ತು ಬರೆಯಿರಿ. ರೂಪಾಯಿ ನೋವಿನಲ್ಲಿ ಎಷ್ಟಾಣೆ ಇಳಿಯಿತು ಅಂತ ರೋಗಿಯನ್ನೇ ಕೇಳಿ ಬರೆಯಿರಿ. ಪ್ರಮಾಣ ಏರಿಸಲು, ಇಳಿಸಲು ಡಾಕ್ಟರಿಗೆ ಅದೇ ಆಧಾರ. ಎಬ್ಬಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ಮುಂದಿನ ಮಾತ್ರೆ ಕೊಡದೆ ತಕ್ಷಣ 108ಕ್ಕೆ ಫೋನ್ ಮಾಡಿ.

ಎಲ್ಲಿ ಸಿಗುತ್ತದೆ?

1985ರ ಮಾದಕ ವಸ್ತು ಕಾಯ್ದೆಯಿಂದಾಗಿ ಮಾರ್ಫಿನ್ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲು ದಾರಿ ಸುಲಭವಾಯಿತು. ಟ್ರಮಡಾಲ್ 2018ರಲ್ಲಿ ಈ ಕಾಯ್ದೆಯೊಳಗೆ ಬಂತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವು ಶಮನದ ವಿಭಾಗವಿದೆ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಮಾರತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಉಚಿತವಾಗಿ ನೋಡಿಕೊಳ್ಳುತ್ತಿದೆ.

ರೋಗಿ ತೀರಿಕೊಂಡ ಮೇಲೆ ಉಳಿದ ಮಾತ್ರೆಗಳನ್ನು ಆಸ್ಪತ್ರೆಗೇ ಹಿಂದಿರುಗಿಸೋಣ. ಪಕ್ಕದ ಮನೆಯವರು ಸೊಂಟನೋವು ಅಂತ ಕೇಳಿದರೂ ಕೊಡುವುದು ಬೇಡ. ಸಾಲ ಕೊಡಬಹುದು, ಸಕ್ಕರೆ ಕೊಡಬಹುದು, ಈ ಮಾತ್ರೆ ಕೊಡಬಾರದು. ಮುಂದಿನ ಸಭೆಯಲ್ಲಿ ಇದನ್ನು ಎಲ್ಲರಿಗೂ ಓದಿ ಹೇಳಿ.