ಕಿತ್ತ ಹಲ್ಲು, ಚುಚ್ಚಿದ ಸೂಜಿ ಎಲ್ಲಿಗೆ ಹೋಗುತ್ತವೆ?

ಹಲ್ಲು ನೋವು ತಡೆಯಲಾಗದೆ ದಂತ ವೈದ್ಯರ ಬಳಿ ಹೋಗುತ್ತೀರಿ. ಅವರು ವಸಡಿಗೆ ಇಂಜೆಕ್ಷನ್ ಕೊಟ್ಟು ಹಲ್ಲು ಕೀಳುತ್ತಾರೆ. ಹತ್ತಿಯ ಉಂಡೆ ಕಚ್ಚಿಸಿ ಮನೆಗೆ ಕಳುಹಿಸುತ್ತಾರೆ. ಆ ಸೂಜಿ, ರಕ್ತ ಮೆತ್ತಿದ ಹತ್ತಿ, ಕೈಗವಸು, ಕಿತ್ತ ಹಲ್ಲು ಆಮೇಲೆ ಏನಾದವು ಎಂದು ನಾವು ಕೇಳುವುದಿಲ್ಲ. ಕೇಳಬೇಕು. ಏಕೆಂದರೆ ಸರಿಯಾಗಿ ವಿಲೇವಾರಿಯಾಗದ ಸೂಜಿ ಮೊದಲು ಚುಚ್ಚುವುದು ವೈದ್ಯರಿಗಲ್ಲ. ಬೆಳಗಿನ ಜಾವ ಕಸ ಎತ್ತುವ ಪೌರಕಾರ್ಮಿಕರಿಗೆ, ತಿಪ್ಪೆಯಲ್ಲಿ ಪ್ಲಾಸ್ಟಿಕ್ ಆಯುವ ಮಕ್ಕಳಿಗೆ.

ನಮ್ಮ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಹಲ್ಲಿನ ತೊಂದರೆ ಹೊಸದಲ್ಲ. ಅನೇಕ ಹಳ್ಳಿಗಳ ಕೊಳವೆ ಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಕಾಣುತ್ತವೆ. ಹಲ್ಲಿನ ಆಸ್ಪತ್ರೆಗೆ ಹೋಗದ ಮನೆ ಅಪರೂಪ. ಹಾಗಾಗಿ ಈ ವಿಷಯ ವೈದ್ಯರಿಗೆ ಮಾತ್ರ ಸೇರಿದ್ದಲ್ಲ.

ಅಪಾಯ ಎಷ್ಟು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆಸ್ಪತ್ರೆಗಳ ಒಟ್ಟು ಕಸದಲ್ಲಿ ಸುಮಾರು 85 ಶೇಕಡಾ ನಮ್ಮ ಮನೆಯ ಕಸದಂತೆಯೇ ಸಾಮಾನ್ಯವಾದುದು. ಉಳಿದ 15 ಶೇಕಡಾ ಮಾತ್ರ ಅಪಾಯಕಾರಿ. ಆದರೆ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದರೆ ಇಡೀ ಬುಟ್ಟಿ ಅಪಾಯಕಾರಿಯಾಗುತ್ತದೆ. ಒಂದು ಹನಿ ನಜಾಸತ್ ಬಿದ್ದ ಬಿಂದಿಗೆ ನೀರಿನಂತೆ ಎಂದು ತಿಳಿಯಿರಿ.

ಸೋಂಕಿರುವ ವ್ಯಕ್ತಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಚುಚ್ಚಿದರೆ ಹೆಪಟೈಟಿಸ್ ಬಿ ತಗಲುವ ಸಾಧ್ಯತೆ 100ಕ್ಕೆ 30ರವರೆಗೂ ಇರಬಹುದು. ಎಚ್‌ಐವಿ ತಗಲುವ ಸಾಧ್ಯತೆ 1000ಕ್ಕೆ ಸುಮಾರು 3. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಕನಿಷ್ಠ 7 ದಿನ ಬದುಕಿರಬಲ್ಲದು. ಅಂದರೆ ಶುಕ್ರವಾರ ಎಸೆದ ಸೂಜಿ ಮುಂದಿನ ಶುಕ್ರವಾರವೂ ರೋಗ ಹರಡಬಹುದು.

ನಾಲ್ಕು ಬಣ್ಣಗಳ ಲೆಕ್ಕ

ಈ ಕಸಕ್ಕಾಗಿ ದೇಶದಲ್ಲಿ 1998ರಲ್ಲಿ ಮೊದಲು ನಿಯಮಗಳು ಬಂದವು. ಈಗ ಇರುವುದು 2016ರ ಮಾರ್ಚ್ 28ರಂದು ಪ್ರಕಟವಾದ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು. ಒಂದೇ ಕುರ್ಚಿಯ ದಂತ ಚಿಕಿತ್ಸಾಲಯಕ್ಕೂ ಇವು ಅನ್ವಯಿಸುತ್ತವೆ. ನನ್ನಂತಹ ಯುನಾನಿ ವೈದ್ಯರಿಗೂ ವಿನಾಯಿತಿ ಇಲ್ಲ. ಕಸ ಹುಟ್ಟಿದ ಜಾಗದಲ್ಲೇ ಅದನ್ನು ಬೇರ್ಪಡಿಸಬೇಕು ಎಂಬುದೇ ಇವುಗಳ ತಿರುಳು.

ಹಳದಿ: ರಕ್ತ, ಉಗುಳು ಮೆತ್ತಿದ ಹತ್ತಿ, ಬಟ್ಟೆ, ಕಿತ್ತ ಹಲ್ಲು, ಕತ್ತರಿಸಿದ ವಸಡಿನ ತುಣುಕು, ಅವಧಿ ಮುಗಿದ ಔಷಧಿ. ಇವುಗಳಲ್ಲಿ ಬಹುಪಾಲನ್ನು ಅತಿ ಹೆಚ್ಚು ಶಾಖದಲ್ಲಿ ಸುಡಲಾಗುತ್ತದೆ.

ಕೆಂಪು: ಕೈಗವಸು, ಉಗುಳು ಹೀರುವ ಪ್ಲಾಸ್ಟಿಕ್ ಕೊಳವೆ, ಸೂಜಿ ತೆಗೆದ ಸಿರಿಂಜ್. ಇವನ್ನು ಹಬೆಯಲ್ಲಿ ಶುದ್ಧಗೊಳಿಸಿ, ಚೂರು ಮಾಡಿ ಮರುಬಳಕೆಗೆ ಕೊಡುತ್ತಾರೆ.

ಬಿಳಿ: ಸೂಜಿ, ಬ್ಲೇಡ್ ಮೊದಲಾದ ಚೂಪು ವಸ್ತುಗಳು. ಇವಕ್ಕೆ ಚೀಲ ಸಾಲದು. ಚುಚ್ಚಿದರೂ ತೂತಾಗದ ಗಟ್ಟಿ ಡಬ್ಬಿಯೇ ಬೇಕು.

ನೀಲಿ: ಔಷಧಿಯ ಗಾಜಿನ ಸೀಸೆಗಳು, ಒಡೆದ ಗಾಜು.

ಶುದ್ಧೀಕರಿಸದ ಈ ಕಸವನ್ನು 48 ಗಂಟೆಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಪುರಸಭೆಯ ಗಾಡಿಗೆ ಕೊಡುವಂತಿಲ್ಲ, ಹಿತ್ತಲಲ್ಲಿ ಸುಡುವಂತಿಲ್ಲ. 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕ ಇದ್ದರೆ ಅಲ್ಲಿಗೇ ಕಳುಹಿಸಬೇಕು. ಚೀಲಗಳ ಮೇಲೆ ಬಾರ್‌ಕೋಡ್ ಇರಬೇಕು. ಚಿಕಿತ್ಸಾಲಯ ನಡೆಸುವವರು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಅನುಮತಿ ಪಡೆದಿರಬೇಕು. ಕಸ ಮುಟ್ಟುವ ಪ್ರತಿಯೊಬ್ಬ ಸಿಬ್ಬಂದಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ ಹಾಕಿಸಬೇಕು.

ಪಾದರಸದ ಕಥೆ ಬೇರೆ

ಹುಳುಕು ಹಲ್ಲಿಗೆ ತುಂಬುವ ಬೆಳ್ಳಿ ಬಣ್ಣದ ಪದಾರ್ಥದಲ್ಲಿ ಅರ್ಧದಷ್ಟು ಪಾದರಸ ಇರುತ್ತದೆ. ಯುನಾನಿಯಲ್ಲಿ ನಾವು ಸೀಮಾಬ್ ಎನ್ನುವುದು ಅದನ್ನೇ. ಇದನ್ನು ಹಳದಿ ಚೀಲಕ್ಕೆ ಹಾಕಿ ಸುಟ್ಟರೆ ಪಾದರಸ ಆವಿಯಾಗಿ ಗಾಳಿ ಸೇರುತ್ತದೆ. ತೊಟ್ಟಿಯಲ್ಲಿ ತೊಳೆದರೆ ಚರಂಡಿಯಿಂದ ಕೆರೆಗೆ ಹೋಗುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಮ್ಮ ಜಿಲ್ಲೆಗೆ ಕೆರೆಯೇ ಆಧಾರ. ಜಪಾನಿನ ಮಿನಮಾಟಾದಲ್ಲಿ ಕಾರ್ಖಾನೆಯ ಪಾದರಸ ಕಡಲಿಗೆ ಸೇರಿ, ಮೀನು ತಿಂದವರ ನರಮಂಡಲವೇ ಹಾಳಾಯಿತು. ಆ ಊರಿನ ಹೆಸರಿನಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. ತ್ಯಾಜ್ಯವನ್ನು ಬಿಟ್ಟು ಹೋದರೆ ಏನಾಗುತ್ತದೆಂದು ತಿಳಿಯಲು ನಾವು ಜಪಾನಿಗೆ ಹೋಗಬೇಕಿಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಚಿನ್ನದ ಗಣಿಯ ಸೈನೈಡ್ ದಿಬ್ಬಗಳು ಇಂದಿಗೂ ಕಣ್ಣ ಮುಂದಿವೆ.

ಉಳಿದ ಪಾದರಸದ ಮಿಶ್ರಣವನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೇರೆಯಾಗಿ ಸಂಗ್ರಹಿಸಬೇಕು. ನಿಮ್ಮ ಬಾಯಲ್ಲಿ ಈಗಾಗಲೇ ಇಂತಹ ಫಿಲ್ಲಿಂಗ್ ಇದ್ದರೆ ಗಾಬರಿ ಬೇಡ; ಸರಿಯಾಗಿರುವುದನ್ನು ಸುಮ್ಮನೆ ತೆಗೆಸಬೇಡಿ. ಆದರೆ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಪಾದರಸವಿಲ್ಲದ ಫಿಲ್ಲಿಂಗ್ ಹಾಕುವಂತೆ ಕೇಳಿ.

ಕಿತ್ತ ಹಲ್ಲು ಹೂಳುವವರಿಗೆ

ಕಿತ್ತ ಹಲ್ಲನ್ನು ಉಗುರು, ಕೂದಲಿನಂತೆ ಮಣ್ಣಿನಲ್ಲಿ ಹೂಳುವುದು ನಮ್ಮ ಅನೇಕ ಮನೆಗಳ ರೂಢಿ. ಹಾಗೆ ಮಾಡುವ ಇಚ್ಛೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ. ಅವರು ಒಪ್ಪಿದರೆ ಸೋಂಕು ನಿವಾರಕದಲ್ಲಿ ಶುಚಿಗೊಳಿಸಿ ಕವರಿನಲ್ಲಿ ಹಾಕಿಕೊಡಲು ಹೇಳಿ. ಮನೆಗೆ ಬಂದು ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ. ಬೆಳ್ಳಿ ಫಿಲ್ಲಿಂಗ್ ಇರುವ ಹಲ್ಲನ್ನು ಮಾತ್ರ ಹೂಳಬೇಡಿ, ಚಿಕಿತ್ಸಾಲಯಕ್ಕೇ ಬಿಟ್ಟುಬನ್ನಿ.

ನಮ್ಮ ಪಾಲಿನ ಕೆಲಸ

ಹಲ್ಲು ಕಿತ್ತ ಮೇಲೆ ಕಚ್ಚಿಕೊಂಡ ಹತ್ತಿಯನ್ನು ಬಸ್ ನಿಲ್ದಾಣದಲ್ಲೋ ಮಸೀದಿಯ ವುಝೂ ಜಾಗದಲ್ಲೋ ಉಗುಳಬೇಡಿ. ಕಾಗದದಲ್ಲಿ ಸುತ್ತಿಟ್ಟುಕೊಂಡು ಮನೆಯಲ್ಲಿ ಬೇರೆ ಪೊಟ್ಟಣ ಮಾಡಿ ಕಸದ ಗಾಡಿಗೆ ಕೊಡಿ. ಸಕ್ಕರೆ ಕಾಯಿಲೆಯವರು ಬಳಸುವ ಇನ್ಸುಲಿನ್ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಹಾಕಿ, ಮೇಲೆ ಸೂಜಿ ಎಂದು ಬರೆದು ಬೇರೆಯಾಗಿ ಕೊಡಿ.

ಶಿಬಿರ ನಡೆಸುವ ಜಮಾಅತ್‌ಗಳು ಇನ್ನೂ ಎಚ್ಚರ ವಹಿಸಬೇಕು. ಉಚಿತ ದಂತ ತಪಾಸಣೆ, ರಕ್ತದಾನ, ಹಿಜಾಮಾ ಯಾವುದೇ ಇರಲಿ, ಶಿಬಿರಗಳಿಗೂ ಅದೇ ನಿಯಮ. ಹಿಜಾಮಾ ಸುನ್ನತ್ ಎಂಬ ಕಾರಣಕ್ಕೆ ಅದರ ಬ್ಲೇಡ್, ರಕ್ತ ತುಂಬಿದ ಕಪ್ ಮದ್ರಸಾದ ಹಿಂದಿನ ತಿಪ್ಪೆಗೆ ಸೇರಬಾರದು. ಕಸ ಒಯ್ಯುವವರು ಯಾರೆಂದು ತೀರ್ಮಾನಿಸದೆ ಶಿಬಿರದ ದಿನಾಂಕ ಗೊತ್ತು ಮಾಡಬೇಡಿ.

ಚಿಕಿತ್ಸಾಲಯಕ್ಕೆ ಹೋದಾಗ ಕಣ್ಣು ತೆರೆದು ನೋಡಿ. ಬಣ್ಣದ ಬುಟ್ಟಿಗಳಿವೆಯೇ? ಸೂಜಿಯನ್ನು ಚುಚ್ಚಿದ ಕೂಡಲೇ ಕತ್ತರಿಸುವ ಯಂತ್ರಕ್ಕೆ ಕೊಟ್ಟರೇ? ಪ್ರತಿ ರೋಗಿಗೂ ಹೊಸ ಕೈಗವಸು ಹಾಕಿಕೊಂಡರೇ? ಅನುಮಾನವಿದ್ದರೆ ಮರ್ಯಾದೆಯಿಂದ ಕೇಳಿ: "ಡಾಕ್ಟರೇ, ಈ ಕಸ ಯಾರು ಒಯ್ಯುತ್ತಾರೆ?" ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಯಿಂದ ಬೇಸರವಾಗದು. ಬೀದಿಯಲ್ಲಿ ಸೂಜಿಗಳ ರಾಶಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಫೋಟೋ ತೆಗೆದು ಪುರಸಭೆಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ ಅಥವಾ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಅಕಸ್ಮಾತ್ ಚುಚ್ಚಿದರೆ ಗಾಯವನ್ನು ಹಿಂಡಬೇಡಿ. ಸಾಬೂನು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಸರಕಾರಿ ಆಸ್ಪತ್ರೆಗೆ ಹೋಗಿ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಬೇಕಾಗುತ್ತದೆ.

ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನು ಪ್ರವಾದಿ(ಸ) ಈಮಾನಿನ ಶಾಖೆಗಳಲ್ಲಿ ಎಣಿಸಿದ್ದಾರೆ. ಮುಳ್ಳನ್ನು ಎತ್ತಿ ಹಾಕುವುದೇ ಪುಣ್ಯವಾದರೆ, ಸೂಜಿಯನ್ನು ದಾರಿಗೆ ಬರದಂತೆ ತಡೆಯುವುದು ಎಷ್ಟು ದೊಡ್ಡ ಪುಣ್ಯವೆಂದು ನೀವೇ ಯೋಚಿಸಿ.