ಹೊಸ ಕಂಪ್ಯೂಟರಿನ ಕಪ್ಪು ಪರದೆ

ವಾಣಿಜ್ಯ ವಿಭಾಗದವನಿಗೆ ಯಂತ್ರದ ಬಗ್ಗೆ ಬರೆಯುವ ಅಧಿಕಾರ ಎಲ್ಲಿಂದ ಬಂತು ಎಂದು ಮಿತ್ರರು ಕೇಳಬಹುದು. ಅಧಿಕಾರ ಏನೂ ಇಲ್ಲ. ಒಂದು ಇಡೀ ರಾತ್ರಿ ಕಪ್ಪು ಪರದೆಯ ಮುಂದೆ ಕೂತು ಕಲಿತ ಪಾಠ ಮಾತ್ರ ಇದೆ. ಕವನ, ಹನಿಗವನಗಳ ನಡುವೆ ಇದಕ್ಕೂ ಎರಡು ಪುಟ ಸಿಕ್ಕರೆ ನಿಮ್ಮಲ್ಲಿ ಯಾರಾದರೂ ಒಬ್ಬರ ನಾಲ್ಕು ಸಾವಿರ ರೂಪಾಯಿ ಉಳಿದೀತು ಎಂಬ ಆಸೆ.

ನಾನು ಸೇಡಂ ಕಡೆಯವನು. ಪಿಯುಸಿವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮ. ಈಗ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಒಂದು ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದೇನೆ. ಮೇಲೆ ಮೆಟ್ರೋ, ಕೆಳಗೆ ಬಸ್ಸು, ರಸ್ತೆಯ ಎರಡೂ ಬದಿಗೆ ಕೋಚಿಂಗ್ ಸೆಂಟರುಗಳ ಬೋರ್ಡು, ಗಲ್ಲಿಗೊಂದರಂತೆ ಹಾಸ್ಟೆಲು: ಇದು ದಿಲ್‌ಸುಖ್‌ನಗರ. ಸಂಜೆ ಒಂದು ಕಿರಾಣಿ ಅಂಗಡಿಯ ಲೆಕ್ಕ ಬರೆದು ಮೆಸ್ಸಿನ ಖರ್ಚು ಹೊಂದಿಸುತ್ತೇನೆ. ಮುಂದಿನ ತಿಂಗಳಿಂದ ಲೆಕ್ಕವೆಲ್ಲ ಟ್ಯಾಲಿಯಲ್ಲೇ ಆಗಬೇಕು ಅಂತ ಸೇಠ್‌ಜಿ ಹೇಳಿಬಿಟ್ಟರು. ಟ್ಯಾಲಿ 1986ರಲ್ಲಿ ಶುರುವಾದ, ನಮ್ಮ ಬೆಂಗಳೂರಿನ ಕಂಪನಿಯದು ಎಂಬ ಅಭಿಮಾನವೇನೋ ನನಗಿತ್ತು. ಅದನ್ನು ನಡೆಸಲು ಕಂಪ್ಯೂಟರ್ ಇರಲಿಲ್ಲ. ಅಪ್ಪ ಐದು ಕ್ವಿಂಟಲ್ ತೊಗರಿ ಮಾರಿ 38,000 ರೂಪಾಯಿ ಕಳಿಸಿದರು.

ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಅಂತ ಕಂಪ್ಯೂಟರ್ ಅಂಗಡಿಗಳೇ ತುಂಬಿದ ಕಟ್ಟಡವಿದೆ. ಅಲ್ಲಿಯ ಒಂದು ಅಂಗಡಿಯಲ್ಲಿ ಬಿಡಿಭಾಗ ಕೊಂಡು ಜೋಡಿಸಿಕೊಂಡೆ. ಕಣ್ಣೆದುರಿಗೇ ಹಚ್ಚಿ ತೋರಿಸಿದರು, ಚೆನ್ನಾಗಿ ಚಾಲೂ ಆಯಿತು. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಮಲಕ್‌ಪೇಟೆ ದಾಟಿ ಹಾಸ್ಟೆಲಿಗೆ ತಂದೆ. ರಾತ್ರಿ ಎಂಟಕ್ಕೆ ಎಲ್ಲಾ ವೈರು ಸಿಕ್ಕಿಸಿ ಬಟನ್ ಒತ್ತಿದೆ. ಒಳಗೆ ಫ್ಯಾನ್ ತಿರುಗಿತು, ದೀಪ ಹತ್ತಿತು. ಮಾನಿಟರಿನಲ್ಲಿ ಮಾತ್ರ ‘ನೋ ಸಿಗ್ನಲ್’ ಎಂಬ ಎರಡು ಮಾತು ಬಂದು, ಆಮೇಲೆ ಬರೀ ಕಪ್ಪು.

ಪಕ್ಕದ ರೂಮಿನವನೊಬ್ಬ ಬಂದು ನೋಡಿ, “ಬೋರ್ಡ್ ಗಯಾ ಭಾಯ್” ಅಂದ. ಗಲ್ಲಿಯ ರಿಪೇರಿಯವನಿಗೆ ಫೋನ್ ಮಾಡಿದರೆ ಅವನೂ ನೋಡದೆಯೇ ಅದನ್ನೇ ಹೇಳಿ 4,500 ರೂಪಾಯಿ ಕೇಳಿದ. ಅಷ್ಟರಲ್ಲಿ ಅಪ್ಪನ ಫೋನು. “ಹೆಂಗದ ತಮ್ಮಾ, ಮಷೀನ್ ಚಾಲೂ ಆತೇನು?” ಐದು ಕ್ವಿಂಟಲ್ ತೊಗರಿ ಕಣ್ಣ ಮುಂದೆ ಬಂತು. “ಆತಪ್ಪಾ, ಛಲೋ ನಡದದ” ಅಂದುಬಿಟ್ಟೆ.

ಇನ್ನು ವಿಷಯಕ್ಕೆ ಬರೋಣ. ಪರದೆ ಕಪ್ಪಾದರೆ ಯಂತ್ರ ಸತ್ತಿದೆ ಎಂದು ಅರ್ಥವಲ್ಲ. ಬಟನ್ ಒತ್ತಿದ ಕೂಡಲೇ ಮದರ್‌ಬೋರ್ಡಿನ ಒಂದು ಚಿಪ್ಪಿನಲ್ಲಿರುವ ಬಯಾಸ್ ಎಂಬ ಪ್ರೋಗ್ರಾಂ ಎದ್ದು, ಎಲ್ಲರೂ ಬಂದಿದ್ದಾರೆಯೇ ಎಂದು ಹಾಜರಿ ಕರೆಯುತ್ತದೆ. ಪ್ರೊಸೆಸರ್, ಆಮೇಲೆ ಮೆಮೊರಿ ಅಂದರೆ ರ‍್ಯಾಮ್, ಆಮೇಲೆ ಚಿತ್ರ ಕಳಿಸುವ ಗ್ರಾಫಿಕ್ಸ್ ಭಾಗ, ಕೊನೆಗೆ ಡಿಸ್ಕು. ಇದಕ್ಕೆ ಪೋಸ್ಟ್ ಅನ್ನುತ್ತಾರೆ. ಮೆಮೊರಿಯೇ ಹಾಜರಿ ಹೇಳದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಗ್ರಾಫಿಕ್ಸಿನ ಸರದಿ ಇನ್ನೂ ಬಂದಿಲ್ಲವಾದ್ದರಿಂದ ‘ಮೆಮೊರಿ ಇಲ್ಲ’ ಎಂದು ಪರದೆಯ ಮೇಲೆ ಬರೆಯುವುದಕ್ಕೂ ದಾರಿ ಇಲ್ಲ. ಹೀಗಾಗಿಯೇ 1981ರ ಐಬಿಎಂ ಪಿಸಿಯಲ್ಲೂ ಸದ್ದಿನಿಂದ ಹೇಳುವ ಏರ್ಪಾಡಿತ್ತು: ಒಂದು ಚಿಕ್ಕ ಬೀಪ್ ಬಂದರೆ ಎಲ್ಲ ಸರಿ ಎಂದರ್ಥ. ಈಗಿನ ಹಲವು ಬೋರ್ಡುಗಳಲ್ಲಿ ಬೀಪಿನ ಬದಲು ನಾಲ್ಕು ಸಣ್ಣ ದೀಪಗಳಿರುತ್ತವೆ. ಪ್ರೊಸೆಸರ್, ಮೆಮೊರಿ, ಗ್ರಾಫಿಕ್ಸ್, ಡಿಸ್ಕು. ಯಾವುದರ ಹತ್ತಿರ ದೀಪ ನಿಂತಿದೆಯೋ ಅಲ್ಲಿ ಹುಡುಕಬೇಕು. ನನ್ನದು ಅಗ್ಗದ ಬೋರ್ಡು, ದೀಪವೂ ಇಲ್ಲ, ಬೀಪೂ ಇಲ್ಲ.

ಮೊದಲು ಕಪ್ಪು ಎಂಥದ್ದು ಎಂದು ಗುರುತಿಸಬೇಕು. ಫ್ಯಾನೂ ತಿರುಗದಿದ್ದರೆ ಅದು ಕರೆಂಟಿನ ಪ್ರಶ್ನೆ: ಗೋಡೆಯ ಪ್ಲಗ್ಗು, ಡಬ್ಬಿಯ ಹಿಂದಿನ ಪವರ್ ಸಪ್ಲೈ ಸ್ವಿಚ್ಚು, ಮುಂದಿನ ಬಟನ್ನಿನ ವೈರು. ಕಂಪನಿಯ ಹೆಸರು ಮೂಡಿ ಆಮೇಲೆ ಕಪ್ಪಾದರೆ ಯಂತ್ರ ಹಾಜರಿ ಮುಗಿಸಿದೆ, ತೊಂದರೆ ವಿಂಡೋಸಿನ ಕಡೆ ಇರಬಹುದು. ಫ್ಯಾನ್ ತಿರುಗಿ ಮೊದಲಿನಿಂದಲೂ ‘ನೋ ಸಿಗ್ನಲ್’ ಎಂದರೆ ಅದು ಮೂರನೆಯ ಜಾತಿ. ನನ್ನದು ಅದೇ.

ಹಾಗಾದಾಗ ನೋಡಬೇಕಾದದ್ದು, ಸುಲಭದಿಂದ ಕಷ್ಟಕ್ಕೆ:

ಒಂದು, ಮಾನಿಟರು ಮತ್ತು ಕೇಬಲ್ಲು. ‘ನೋ ಸಿಗ್ನಲ್’ ಎಂದು ಬರೆದು ತೋರಿಸಿದ ಮಾನಿಟರಿಗೆ ಜೀವವಂತೂ ಇದೆ. ಗೆಳೆಯನ ಲ್ಯಾಪ್‌ಟಾಪಿಗೆ ಅದೇ ಕೇಬಲ್ಲಿನಿಂದ ಜೋಡಿಸಿದೆ, ಚಿತ್ರ ಬಂತು. ಎರಡರ ಮೇಲಿನ ಅನುಮಾನವೂ ಹೋಯಿತು.

ಎರಡು, ಕೇಬಲ್ ಎಲ್ಲಿ ಸಿಕ್ಕಿಸಿದ್ದೇವೆ ಎಂಬುದು. ಡಬ್ಬಿಯ ಹಿಂದೆ ಮೇಲ್ಗಡೆ ಮದರ್‌ಬೋರ್ಡಿನದೊಂದು ಎಚ್‌ಡಿಎಂಐ ತೂತು, ಕೆಳಗಡೆ ಅಡ್ಡಕ್ಕೆ ಗ್ರಾಫಿಕ್ಸ್ ಕಾರ್ಡಿನದೊಂದು ಇರುತ್ತದೆ. ನನ್ನ ಪ್ರೊಸೆಸರ್ ಇಂಟೆಲ್ ಐ3 12100ಎಫ್. ಆ ಕೊನೆಯ ‘ಎಫ್’ ಇದ್ದರೆ ಪ್ರೊಸೆಸರಿನೊಳಗೆ ಚಿತ್ರ ಮಾಡುವ ಭಾಗ ಇರುವುದಿಲ್ಲ. ಮೇಲಿನ ತೂತು ಇದ್ದೂ ಇಲ್ಲದ ಹಾಗೆ. ಕಾರ್ಡಿನ ತೂತಿಗೇ ಸಿಕ್ಕಿಸಬೇಕು.

ಮೂರು, ರ‍್ಯಾಮ್. ಸಾಗಣೆಯ ಕುಲುಕಾಟದಲ್ಲಿ ಸಡಿಲವಾಗಬಹುದು. ಪ್ಲಗ್ ಕಿತ್ತು, ಪವರ್ ಬಟನ್ನನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಡಬ್ಬಿಯ ಬಣ್ಣವಿಲ್ಲದ ಲೋಹ ಮುಟ್ಟಿ ಮೈಯ ಸ್ಥಿರ ವಿದ್ಯುತ್ ಕಳೆದುಕೊಳ್ಳಬೇಕು. ಆಮೇಲೆ ರ‍್ಯಾಮ್ ತೆಗೆದು, ಅದರ ಗಾಡಿಯನ್ನು ಬೋರ್ಡಿನ ಉಬ್ಬಿಗೆ ಹೊಂದಿಸಿ, ಎರಡೂ ತುದಿಗೆ ಸಮನಾಗಿ ಒತ್ತಿದರೆ ‘ಟಕ್’ ಎನ್ನುತ್ತದೆ. ಆ ಸದ್ದು ಬರದಿದ್ದರೆ ಕೂತಿಲ್ಲ. ನಾಲ್ಕು ಜಾಗವಿದ್ದು ಒಂದೇ ರ‍್ಯಾಮ್ ಇದ್ದರೆ, ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯ ಜಾಗ ಅದರದು.

ನಾಲ್ಕು, ಪ್ರೊಸೆಸರಿನ ಪಕ್ಕಕ್ಕೆ ಬರುವ ಬೇರೆ ಪವರ್ ವೈರು. ದೊಡ್ಡ ವೈರು ಇದ್ದು ಇದು ಇಲ್ಲದಿದ್ದರೂ ಫ್ಯಾನ್ ತಿರುಗುತ್ತದೆ, ಆದರೆ ಪ್ರೊಸೆಸರ್ ಏಳುವುದಿಲ್ಲ. ಐದು, ಬೋರ್ಡಿನ ನಾಣ್ಯದಂಥ 3 ವೋಲ್ಟ್ ಬ್ಯಾಟರಿ. ಪ್ಲಗ್ ಕಿತ್ತು ಅದನ್ನು ಐದು ನಿಮಿಷ ತೆಗೆದಿಟ್ಟರೆ ಬಯಾಸ್ ತನ್ನ ಮೂಲ ಸ್ಥಿತಿಗೆ ಬರುತ್ತದೆ. ಇನ್ನೊಂದು ಮಾತು: ಡಿಡಿಆರ್5 ರ‍್ಯಾಮ್ ಇದ್ದರೆ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರುವುದುಂಟು, ಅವಸರದಲ್ಲಿ ಆರಿಸಬಾರದು. ಪವರ್ ಸಪ್ಲೈ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಷ್ಟೆಲ್ಲ ನಾನು ತಿಳಿದದ್ದು ಬೋರ್ಡಿನ ಜೊತೆ ಬಂದ ಇಂಗ್ಲಿಷ್ ಪುಸ್ತಕ ಓದಿ ಮತ್ತು ಫೋನಿನಲ್ಲಿ ಹುಡುಕಿ. ಇಂಗ್ಲಿಷ್ ಅಂದರೆ ದೂರ ಓಡುತ್ತಿದ್ದವನು ನಾನು. ಬಿಡಿಸಿ ನೋಡಿದರೆ ಅರ್ಧ ಚಿತ್ರಗಳೇ, ಉಳಿದದ್ದು ಸಣ್ಣ ಸಣ್ಣ ವಾಕ್ಯ. ನಿಧಾನವಾಗಿ ಓದಿದರೆ ಅರ್ಥವಾಗದ್ದೇನೂ ಇರಲಿಲ್ಲ.

ತಿಳಿದೂ ಮೋಸ ಹೋದೆ. ಈ ಲೇಖನ ಬರೆದದ್ದೇ ಅದನ್ನು ಹೇಳುವುದಕ್ಕೆ. ಮೊದಲು ನಾನು ಕೇಬಲ್ಲನ್ನು ಮೇಲಿನ ತೂತಿಗೆ ಸಿಕ್ಕಿಸಿದ್ದೆ. ತಪ್ಪು ತಿಳಿದು ಕೆಳಗಿನ ಕಾರ್ಡಿಗೆ ಬದಲಾಯಿಸಿದೆ. ಪರದೆ ಕಪ್ಪೇ. ಇದಲ್ಲ ಕಾರಣ ಅಂದುಕೊಂಡು ಮತ್ತೆ ಮೇಲಿನದಕ್ಕೇ ಹಾಕಿದೆ! ಆಮೇಲೆ ರ‍್ಯಾಮ್ ತೆಗೆದು ಒತ್ತಿ ಕೂಡಿಸಿದೆ, ‘ಟಕ್’ ಎಂದಿತು. ಆಗಲೂ ಕಪ್ಪು. ರಾತ್ರಿ ಒಂದು ಗಂಟೆ. 4,500 ಎಲ್ಲಿಂದ ತರಲಿ ಎಂದು ಲೆಕ್ಕ ಹಾಕತೊಡಗಿದೆ.

ಸುಮ್ಮನೆ ಕೂತಾಗ ಕೈ ಕೀಬೋರ್ಡಿನ ಮೇಲೆ ಆಡಿ ಕ್ಯಾಪ್ಸ್ ಲಾಕ್ ಒತ್ತಿತು. ಅದರ ಸಣ್ಣ ದೀಪ ಹತ್ತಿತು. ಮತ್ತೆ ಒತ್ತಿದೆ, ಆರಿತು. ಸಂಜೆ ಎಷ್ಟು ಒತ್ತಿದರೂ ಈ ದೀಪ ಮಿಸುಕಿರಲಿಲ್ಲ. ಆಗ ಪಿಯುಸಿಯಲ್ಲಿ ನಮ್ಮ ಮೇಷ್ಟ್ರು ತಾಳೆ ಪಟ್ಟಿ ಕಲಿಸುವಾಗ ಹೇಳಿದ್ದು ನೆನಪಾಯಿತು. ತಾಳೆ ಪಟ್ಟಿ ಕೂಡದಿದ್ದರೆ ಖಾತೆ ಪುಸ್ತಕ ಹರಿಯಬೇಡಿ. ಒಂದೊಂದೇ ನಮೂದು ನೋಡಿ. ಒಂದು ತಪ್ಪು ತಿದ್ದಿದ ಮೇಲೂ ಕೂಡದಿದ್ದರೆ ತಿದ್ದಿದ್ದನ್ನು ಅಳಿಸಬೇಡಿ. ವ್ಯತ್ಯಾಸದ ಮೊತ್ತ ಬದಲಾಯಿತೇ ನೋಡಿ. ಬದಲಾಗಿದ್ದರೆ ಇನ್ನೊಂದು ತಪ್ಪು ಬೇರೆ ಕಡೆ ಇದೆ.

ಇಲ್ಲಿ ಪರದೆ ಬದಲಾಗಿರಲಿಲ್ಲ, ಕ್ಯಾಪ್ಸ್ ಲಾಕ್ ಬದಲಾಗಿತ್ತು. ಅಂದರೆ ಯಂತ್ರ ಒಳಗೆ ಎದ್ದು ಕೂತಿದೆ, ಅದರ ಚಿತ್ರ ಮಾತ್ರ ನನಗೆ ತಲುಪುತ್ತಿಲ್ಲ. ತಪ್ಪು ಎರಡಿದ್ದವು: ಆಟೋದ ಕುಲುಕಾಟಕ್ಕೆ ಸಡಿಲವಾದ ರ‍್ಯಾಮ್ ಒಂದು, ನನ್ನ ಕೈಯಾರೆ ಆದ ಕೇಬಲ್ ಇನ್ನೊಂದು. ಒಂದನ್ನು ತಿದ್ದಿದಾಗ ಇನ್ನೊಂದು ಅಡ್ಡ ನಿಂತಿತ್ತು. ಕೇಬಲ್ಲನ್ನು ಕೆಳಗಿನ ಕಾರ್ಡಿಗೆ ಹಾಕಿದೆ. ಪರದೆ ಬೆಳಗಿತು.

ಆದ್ದರಿಂದ ಮಿತ್ರರೇ, ಇಂಥ ಸಮಯ ಬಂದಾಗ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಡಕ್ಕೆ ಮಾಡಿದ್ದನ್ನು ಬರೆಯಿರಿ, ಬಲಕ್ಕೆ ಆದದ್ದನ್ನು. ಒಂದು ಸಲಕ್ಕೆ ಒಂದೇ ಬದಲಾವಣೆ. ಸರಿಯಾದ ಕೆಲಸ ಫಲ ಕೊಡಲಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಹಿಂದಕ್ಕೆ ತೆಗೆಯಬೇಡಿ. ಅಂಗಡಿಯ ಸೀಲ್ ಅಂಟಿಸಿದ್ದರೆ ಬಿಚ್ಚುವ ಮೊದಲು ಅವರನ್ನು ಕೇಳಿ, ವಾರಂಟಿ ಹೋದೀತು. ನೋಡದೆ ‘ಬೋರ್ಡ್ ಹೋಯ್ತು’ ಅನ್ನುವವರ ಮಾತಿಗೆ ಮಾತ್ರ ದುಡ್ಡು ಬಿಚ್ಚಬೇಡಿ.

ಬೆಳಿಗ್ಗೆ ಎದ್ದ ಕೂಡಲೇ ಅಪ್ಪನಿಗೆ ಫೋನ್ ಮಾಡಿ, “ಮಷೀನ್ ಚಾಲೂ ಆತಪ್ಪಾ” ಅಂದೆ. “ನಿನ್ನೇನೇ ಆಗ್ಯದ ಅಂದಿದ್ದೆಲ್ಲೋ ತಮ್ಮಾ?” ಅಂದರು. ನಡೆದದ್ದೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾತ್ರೀನೇ ಹೇಳಿದ್ರ ಏನಾಗ್ತಿತ್ತು? ಇಬ್ರೂ ಕೂಡಿ ಕಾಳಜಿ ಮಾಡ್ತಿದ್ವಿ” ಅಂದರು. ಆ ರಾತ್ರಿ ನಾನು ಮಾಡಿದ ಮೂರನೆಯ ತಪ್ಪು ಅದು. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ.