ಹಿರಿಯರು ಮನೆ ಬಿಡುವ ಹೊತ್ತು

ವೃದ್ಧ ತಂದೆತಾಯಿಯರನ್ನು ಆಶ್ರಮಕ್ಕೆ ಸೇರಿಸುವುದು ಪಾಪವೇ ಎಂದು ನಮ್ಮನ್ನು ಕೇಳುವವರುಂಟು. 1839ರಲ್ಲಿ ಫ್ರಾನ್ಸಿನ ಸಂತ ಜೀನ್ ಜುಗಾನ್ ಅಂಧ ವೃದ್ಧೆಯೊಬ್ಬಳಿಗೆ ತಮ್ಮ ಹಾಸಿಗೆಯನ್ನೇ ಬಿಟ್ಟುಕೊಟ್ಟರು. ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಸಭೆ ಹುಟ್ಟಿದ್ದು ಅಲ್ಲಿಂದ. ಆಶ್ರಮವನ್ನು ನಾವು ಹಳಿಯಲಾರೆವು. ಹಿರಿಯರನ್ನು ಕೇಳದೆ ಸಾಗಿಸುವುದನ್ನು ಮಾತ್ರ ಒಪ್ಪಲಾರೆವು.

ಗ್ಯಾಸ್ ಒಲೆ ಆರಿಸಲು ಮರೆವು, ಒಂದೇ ಮಾತ್ರೆ ಎರಡು ಬಾರಿ, ಬಚ್ಚಲಲ್ಲಿ ಮತ್ತೆ ಮತ್ತೆ ಬೀಳುವುದು ಕಂಡುಬಂದರೆ ಮೊದಲು ವೈದ್ಯರನ್ನು ಕಾಣಬೇಕು. ಔಷಧವೋ ಕಣ್ಣಿನ ಪೊರೆಯೋ ಕಾರಣವಾಗಿದ್ದರೆ ಮನೆ ಬಿಡುವ ಪ್ರಮೇಯವೇ ಬರಲಿಕ್ಕಿಲ್ಲ. ಆರೈಕೆ ಮಾಡುವ ಸೊಸೆಯ ಬಳಲಿಕೆಯನ್ನೂ (ಅದನ್ನು ಎಣಿಸುವವರು ಕಡಿಮೆ) ತೂಗಿ ನೋಡಬೇಕು. ತೀರ್ಮಾನ ಹಿರಿಯರ ಸಮ್ಮುಖದಲ್ಲೇ ಆಗಲಿ. ಒಂದು ತಿಂಗಳು ಅಲ್ಲಿದ್ದು ನೋಡಲಿ. ಅವರ ಕೋಣೆ ಮನೆಯಲ್ಲಿ ಹಾಗೆಯೇ ಇರಲಿ. ಆಸ್ತಿ ಬರೆಸಿಕೊಂಡು ಕೈಬಿಡುವವರು ಹಿರಿಯ ನಾಗರಿಕರ 2007ರ ಕಾಯ್ದೆಯನ್ನು ಓದಲಿ: ಆರೈಕೆಯ ಷರತ್ತಿನ ಮೇಲೆ ಬರೆದ ದಾನಪತ್ರ, ಷರತ್ತು ಮುರಿದರೆ ರದ್ದಾಗಬಲ್ಲದು.